ಸೂಜಿಯ ಜೊತೆಗೇ ಆಟ: ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳ ಕ್ಲಿನಿಕ್ಕಿಗೆ ಒಂದು ಕೈಪಿಡಿ

ಆಸ್ಟ್ರೇಲಿಯಾದ ಉತ್ತರದ ದೂರದ ಊರುಗಳಲ್ಲಿ ರುಮ್ಯಾಟಿಕ್ ಜ್ವರ (ಗಂಟಲ ಸೋಂಕಿನ ಬೆನ್ನಿಗೆ ಬಂದು ಹೃದಯದ ಕವಾಟ ಕೆಡಿಸಬಲ್ಲ ಜ್ವರ) ಬಂದುಹೋದ ಮಗುವಿಗೆ 28 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಆಗಬೇಕು. ವರ್ಷಕ್ಕೆ 13 ಸಲ. ಎಷ್ಟೋ ಮಕ್ಕಳಿಗೆ 21 ವಯಸ್ಸು ತುಂಬುವವರೆಗೂ ಇದು ತಪ್ಪುವುದಿಲ್ಲ. ಮೊದಲ ಸಲ ನಾಲ್ಕು ಜನ ಸೇರಿ ಕೈಕಾಲು ಹಿಡಿದು ಚುಚ್ಚಿಬಿಟ್ಟರೆ ಆ ದಿನದ ಕೆಲಸವೇನೋ ಮುಗಿಯುತ್ತದೆ. ಆದರೆ ಮುಂದಿನ ತಿಂಗಳು ಕ್ಲಿನಿಕ್ಕಿನ ಗಾಡಿ ಕಂಡ ತಕ್ಷಣ ಆ ಮಗು ಓಡಿಹೋಗುತ್ತದೆ. ಒಂದು ಡೋಸ್ ತಡವಾದರೂ ಜ್ವರ ಮರುಕಳಿಸಬಹುದು, ಹೃದಯದ ಕವಾಟ ಇನ್ನಷ್ಟು ಹಾಳಾಗಬಹುದು. ಹಾಗಾಗಿ ಇಂಥ ಕ್ಲಿನಿಕ್ಕಿನಲ್ಲಿ ಆಟ ಎಂದರೆ ಕೆಲಸ ಮುಗಿದ ಮೇಲೆ ಕೊಡುವ ಬಹುಮಾನವಲ್ಲ. ಮಗು ಎರಡನೇ ಸಲವೂ ತಾನಾಗಿ ಬರಲಿ ಎಂದು ಚಿಕಿತ್ಸೆಯೊಳಗೇ ಸೇರಿಸುವ ಒಂದು ಭಾಗ.

ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ಐಲ್ಯಾಂಡರ್ ಮಕ್ಕಳ ಜೊತೆ ಕೆಲಸ ಮಾಡಲು ಹೊರಟ ನರ್ಸ್, ಡಾಕ್ಟರು, ಕಿವಿ ಪರೀಕ್ಷಕರು ಮತ್ತು ಅವರ ಜೊತೆ ಹೋಗುವ ಆಟದ ತಂಡದವರಿಗಾಗಿ ಇದನ್ನು ಬರೆದಿದ್ದೇವೆ.

ಹೊರಡುವ ಮೊದಲು

ಆರರಿಂದ ಎಂಟು ವಾರ ಮೊದಲೇ ಆ ಊರಿನ ಆರೋಗ್ಯ ಕೇಂದ್ರಕ್ಕೆ ಬರೆಯಿರಿ. ಸಮುದಾಯವೇ ನಡೆಸುವ ಆರೋಗ್ಯ ಸಂಸ್ಥೆ ಇದ್ದರೆ ಮೊದಲ ಪತ್ರ ಅವರಿಗೇ ಹೋಗಲಿ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಶುರುವಾದ ಅಬೊರಿಜಿನಲ್ ಮೆಡಿಕಲ್ ಸರ್ವೀಸ್ ಇಂಥ ಸಂಸ್ಥೆಗಳಲ್ಲಿ ಮೊದಲನೆಯದು. ಈಗ ದೇಶದ ತುಂಬ ಇವೆ. ಯಾವ ಆಟ ಸರಿ, ಯಾರ ಮಕ್ಕಳು ಯಾರ ಜೊತೆ ಕೂರಬಹುದು, ಯಾವ ವಾರ ಬರಬಾರದು ಎಂಬುದೆಲ್ಲ ಗೊತ್ತಿರುವುದು ಅವರಿಗೆ.

ಉತ್ತರದ ನಾರ್ದರ್ನ್ ಟೆರಿಟರಿ ಪ್ರಾಂತದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಓಕರ್ ಕಾರ್ಡ್ ಎಂಬ ಅನುಮತಿ ಚೀಟಿ ಬೇಕು, ಅಬೊರಿಜಿನಲ್ ನೆಲಕ್ಕೆ ಕಾಲಿಡಲು ಪರ್ಮಿಟ್ ಬೇಕು. ಎರಡಕ್ಕೂ ಸಮಯ ಹಿಡಿಯುತ್ತದೆ. ಆಟದ ತಂಡದಲ್ಲಿ ಕೊನೆ ಗಳಿಗೆಯಲ್ಲಿ ಒಬ್ಬರನ್ನು ಬದಲಿಸಿದರೆ ಹೊಸಬರ ಕಾಗದಪತ್ರ ಬಂದಿರುವುದಿಲ್ಲ, ತಂಡದ ಒಂದು ಕೈ ಮುರಿದಂತಾಗುತ್ತದೆ. ಒಬ್ಬರಿಗಾದರೂ ಬದಲಿಯಾಗಿ ಮೊದಲೇ ಎಲ್ಲ ಮಾಡಿಸಿಟ್ಟಿರಿ.

ಊರಿನಲ್ಲಿ ಸಾವಾಗಿದ್ದರೆ ‘ಸಾರಿ ಬಿಸಿನೆಸ್’ ಎಂಬ ಶೋಕಾಚರಣೆ ನಡೆಯುತ್ತಿರುತ್ತದೆ. ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಹೊರಗಿನವರು ಬರುವುದು ಸಲ್ಲದು, ಹಾಡು ಗದ್ದಲ ಮೊದಲೇ ಸಲ್ಲದು. ಹೊರಡುವ ಹಿಂದಿನ ದಿನವೂ ಒಮ್ಮೆ ಫೋನ್ ಮಾಡಿ ಕೇಳಿ. ಬೇಡ ಎಂದರೆ ವಿಮಾನದ ಟಿಕೆಟ್ಟಿನ ದುಡ್ಡು ಹೋದರೂ ಹೋಗಲಿ, ದಿನಾಂಕ ಮುಂದೂಡಿ. ತೀರಿಕೊಂಡವರ ಮುಖ, ದನಿ, ಹೆಸರು ಇರುವ ಹಳೆಯ ವಿಡಿಯೊಗಳನ್ನು ತೋರಿಸಬಾರದು. ಟ್ಯಾಬ್‌ನಲ್ಲಿ ಹಾಕಿಕೊಂಡ ಸ್ಥಳೀಯ ವಿಡಿಯೊಗಳನ್ನೆಲ್ಲ ಊರಿನ ಹಿರಿಯರೊಬ್ಬರಿಗೆ ತೋರಿಸಿ, ಅವರು ಸರಿ ಎಂದ ಮೇಲೆಯೇ ಬಳಸಿ. ಅಲ್ಲಿ ನೆಟ್‌ವರ್ಕ್ ನಂಬಿಕೊಳ್ಳುವಂತಿಲ್ಲ. ಬೇಕಾದದ್ದೆಲ್ಲ ಮೊದಲೇ ಡೌನ್‌ಲೋಡ್ ಆಗಿರಲಿ.

ಸ್ಥಳೀಯ ಆರೋಗ್ಯ ಕಾರ್ಯಕರ್ತರನ್ನು ಭಾಷೆಗೆ ಮಾತ್ರ ಕರೆದುಕೊಳ್ಳಬೇಡಿ. ಆಟ ನಡೆಸುವವರು ಅವರು, ನೀವು ಕೈಜೋಡಿಸುವವರು. ಆ ಹೊತ್ತಿಗೆ ಅವರಿಗೆ ಕೂಲಿ ಸಲ್ಲಬೇಕು. ಯೋಲ್ಙು, ವಾರ್ಲ್ಪಿರಿ, ಪಿಟ್ಜಂಟ್ಜಟ್ಜರ ಮುಂತಾದ ಮೂಲನಿವಾಸಿ ಜನರ ಊರುಗಳಲ್ಲಿ ಇಂಗ್ಲಿಷ್ ಮಗುವಿನ ಎರಡನೆಯದೋ ಮೂರನೆಯದೋ ಭಾಷೆ. ಆಟದ ನಿಯಮವನ್ನು ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದರೆ ಮಕ್ಕಳು ತಲೆಯಾಡಿಸುತ್ತಾರೆ. ಅರ್ಥವಾಯಿತು ಎಂದಲ್ಲ, ನೀವು ಕೇಳುವುದನ್ನು ನಿಲ್ಲಿಸಲಿ ಎಂದು.

ಬಾಗಿಲು ತೆರೆದೇ ಇರಲಿ

ಹಿಂದೆ ಸರ್ಕಾರವೇ ಅಬೊರಿಜಿನಲ್ ಮಕ್ಕಳನ್ನು ಮನೆಗಳಿಂದ ಎತ್ತಿಕೊಂಡು ಹೋಗುತ್ತಿತ್ತು. 1970ರ ದಶಕದವರೆಗೂ ಇದು ನಡೆಯಿತು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಇದಕ್ಕೇ. ಇಂದಿನ ಮಕ್ಕಳ ಅಜ್ಜಿಯರು ಅದನ್ನು ಕಣ್ಣಾರೆ ಕಂಡವರು. ಸಮವಸ್ತ್ರ ತೊಟ್ಟ ಅಪರಿಚಿತರು ಮಗುವನ್ನು ಗಾಡಿಯಲ್ಲೋ ಕೋಣೆಯಲ್ಲೋ ಕೂರಿಸಿ ಬಾಗಿಲು ಹಾಕಿದರೆ ಅಜ್ಜಿಯ ಮನಸ್ಸಿಗೆ ಏನು ಬರುತ್ತದೆ ಎಂದು ಯೋಚಿಸಿ.

ಆದ್ದರಿಂದ ಆಟದ ಜಾಗ ಯಾವಾಗಲೂ ಹೊರಗೆ, ನೆರಳಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಕಡೆ. ದೊಡ್ಡ ಮರದಡಿ ಎರಡು ಚಾಪೆ ಸಾಕು. ದೊಡ್ಡವರಿಗೆ ಕುರ್ಚಿ ಹಾಕಿ, ಚಹಾ ಕೊಡಿ. ಮಗು ಒಳಗೆ ಹೋಗುವಾಗ ತಾಯಿಯೋ ಅಜ್ಜಿಯೋ ಚಿಕ್ಕಮ್ಮನೋ ಜೊತೆಗೇ ಹೋಗಬೇಕು. ‘ಮಗು ಆಟದಲ್ಲಿ ಮುಳುಗಿದೆ, ಈಗ ತಾಯಿ ಹೊರಗಿರಲಿ’ ಎಂಬ ಉಪಾಯ ಬೇರೆಡೆ ನಡೆಯಬಹುದು, ಇಲ್ಲಿ ಕೂಡದು. ಬಿಸಿಲಿನ ತಿಂಗಳಲ್ಲಿ ಬೆಳಗ್ಗೆ ಹತ್ತರೊಳಗೆ ಮುಗಿಸಿ, ಇಲ್ಲವೇ ಸಂಜೆ ನಾಲ್ಕರ ಮೇಲೆ ಶುರುಮಾಡಿ.

ಆಟದವರು ಬೇರೆ, ಸೂಜಿಯವರು ಬೇರೆ ಇರಬೇಕು. 1988ರಲ್ಲಿ ಹುಟ್ಟಿದ ಸ್ಟಾರ್‌ಲೈಟ್ ಚಿಲ್ಡ್ರನ್ಸ್ ಫೌಂಡೇಶನ್ನಿನ ‘ಕ್ಯಾಪ್ಟನ್ ಸ್ಟಾರ್‌ಲೈಟ್’ ಕಲಾವಿದರು ತಜ್ಞರ ತಂಡಗಳ ಜೊತೆ ನಾರ್ದರ್ನ್ ಟೆರಿಟರಿಯ ದೂರದ ಊರುಗಳಿಗೆ ಹೋಗುತ್ತಾರೆ. ಅಂಥ ತಂಡ ಜೊತೆಗಿಲ್ಲದಿದ್ದರೆ ನಿಮ್ಮಲ್ಲೇ ಒಬ್ಬರನ್ನು ದಿನವಿಡೀ ಆಟಕ್ಕೆಂದೇ ಬಿಡಿ. ಅವರು ಮಗುವನ್ನು ಹಿಡಿಯಬಾರದು, ಟ್ರೇ ಎತ್ತಿಕೊಡಬಾರದು, ಹತ್ತಿ ಒತ್ತಬಾರದು. ಒಮ್ಮೆ ಹಿಡಿದ ಕೈ ಮತ್ತೆ ಆಟಕ್ಕೆ ಕರೆದರೆ ಮಗು ನಂಬುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿರಬೇಕು

20 ಮಕ್ಕಳ ಒಂದು ದಿನಕ್ಕೆ: ಸಾಬೂನು ಗುಳ್ಳೆಯ ನೀರು ಎರಡು ಲೀಟರ್, ಊದುವ ಬಳೆ ತಲೆಗೊಂದರಂತೆ 20, ಒಂದೂವರೆ ಮೀಟರಿನ ನೂಲಿನ ಕುಣಿಕೆ 25, ಮೆತ್ತನೆಯ ಚೆಂಡು ನಾಲ್ಕು, ಫುಟಿ (ಆಸ್ಟ್ರೇಲಿಯಾದ ಫುಟ್‌ಬಾಲ್) ಚೆಂಡು ಒಂದು, ಮರದ ಬಿಲ್ಲೆ 30, ಪ್ಲಾಸ್ಟಿಕ್ ಬಕೆಟ್ ಎರಡು, ಪವರ್‌ಬ್ಯಾಂಕ್ ಸಮೇತ ಟ್ಯಾಬ್ ಎರಡು, ವಸ್ತು ಹುಡುಕುವ ಚಿತ್ರಪುಟಗಳು, ಟಿಶ್ಯೂ ಆರು ಡಬ್ಬಿ, ಕೈ ತೊಳೆಯಲು ನೀರು ಮತ್ತು ಸೋಪು.

ಗುಳ್ಳೆಯ ನೀರಿಗೆ ಒಂದು ಲೀಟರ್ ನೀರು, 100 ಎಂಎಲ್ ಪಾತ್ರೆ ತೊಳೆಯುವ ದ್ರವ, ಒಂದು ದೊಡ್ಡ ಚಮಚ ಗ್ಲಿಸರಿನ್ ಸಾಕು. ನೊರೆ ಬರದಂತೆ ಮೆಲ್ಲಗೆ ಕಲಸಿ, ಒಂದು ರಾತ್ರಿ ಇಡಿ. ಇದನ್ನು ಕ್ಲಿನಿಕ್ಕಿನೊಳಗಿನ ನುಣುಪು ನೆಲದ ಮೇಲೆ ಊದಬೇಡಿ, ಕಾಲು ಜಾರುತ್ತದೆ.

ಮೆತ್ತನೆಯ ಗೊಂಬೆಗಳನ್ನು ಒಯ್ಯಬೇಡಿ. ಈ ಊರುಗಳಲ್ಲಿ ಕಜ್ಜಿ, ಚರ್ಮದ ಹುಣ್ಣು, ಕಣ್ಣಿನ ಸೋಂಕು ಮಕ್ಕಳನ್ನು ಬಿಡದೆ ಕಾಡುತ್ತವೆ. ಬಟ್ಟೆಯ ಗೊಂಬೆ ಕೈಯಿಂದ ಕೈಗೆ ಹೋದರೆ ರೋಗವೂ ಹೋಗುತ್ತದೆ. ಎರಡು ಮಕ್ಕಳ ನಡುವೆ ಒರೆಸಿ ಶುಚಿಮಾಡಬಹುದಾದ ಪ್ಲಾಸ್ಟಿಕ್, ಮರ, ಇಲ್ಲವೇ ಮಗು ಮನೆಗೇ ಒಯ್ಯಬಹುದಾದ ಕಾಗದ, ನೂಲು ಇರಲಿ. ಅದೇ ಕಾರಣಕ್ಕೆ ಒಂದೇ ಸ್ಪಂಜಿನಿಂದ ಸಾಲಾಗಿ ಮುಖಕ್ಕೆ ಬಣ್ಣ ಬಳಿಯುವುದೂ ಬೇಡ. ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ: ಮೈಮೇಲೆ ಬರೆಯುವ ಚುಕ್ಕಿ, ಗೆರೆಗಳ ಚಿತ್ತಾರ ಇಲ್ಲಿ ಒಂದೊಂದು ಕುಟುಂಬಕ್ಕೆ, ಒಂದೊಂದು ಆಚರಣೆಗೆ ಸೇರಿದ್ದು. ಚೆನ್ನಾಗಿ ಕಾಣುತ್ತದೆಂದು ಹೊರಗಿನವರು ಅದನ್ನು ಬರೆಯುವ ಹಾಗಿಲ್ಲ.

ಬಹುಮಾನವಾಗಿ ಮಿಠಾಯಿ ಬೇಡವೇ ಬೇಡ. ಹಲ್ಲಿನ ಹುಳುಕು ಇಲ್ಲಿ ದೊಡ್ಡ ತೊಂದರೆ. ಹಿಂದೆಯೇ ಹಲ್ಲಿನ ಡಾಕ್ಟರು ಬಂದು ಸಿಹಿ ತಿನ್ನಬೇಡಿ ಎನ್ನುವಾಗ ನಾವು ಬಾಯಿಗೆ ಸಿಹಿ ಹಾಕಿರಬಾರದು.

ಪರೀಕ್ಷೆಗಳ ಸರದಿ

ಮೊದಲು ಕಿವಿ, ಆಮೇಲೆ ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್), ಕೊನೆಗೆ ಸೂಜಿ. ಈ ಸರದಿ ತಪ್ಪಿಸಬೇಡಿ. ಅತ್ತ ಮಗುವಿನ ಕಿವಿತಮಟೆ ಕೆಂಪಾಗುತ್ತದೆ, ಸೋಂಕೋ ಅಳುವೋ ಗೊತ್ತಾಗುವುದಿಲ್ಲ. ಅಳುವ ಮಗುವಿನ ಎಕೋದಲ್ಲಿ ಎದೆ ಅಲುಗಿ ಚಿತ್ರ ಸಿಗುವುದಿಲ್ಲ.

ಕಿವಿಗೆ ಮೊದಲು ಮೂಗು. ಟಿಶ್ಯೂ ಉಂಡೆ ಮಾಡಿ ಮೇಜಿನ ಒಂದು ತುದಿಯಲ್ಲಿಡಿ. ಒಂದು ಹೊಳ್ಳೆ ಬೆರಳಿನಿಂದ ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಊದಿ ಉಂಡೆಯನ್ನು ಆಚೆ ತುದಿಗೆ ಸಾಗಿಸಬೇಕು. ಬಾಯಿ ಮುಚ್ಚಿರಬೇಕು. ಜೋರಾಗಿ ಊದಿದವರಿಗಲ್ಲ, ನೇರವಾಗಿ ಸಾಗಿಸಿದವರಿಗೆ ಗೆಲುವು. ಎರಡೂ ಹೊಳ್ಳೆ ಹಿಡಿದು ಜೋರಾಗಿ ಊದಿದರೆ ಕಿವಿಗೆ ಒತ್ತಡ ಹೋಗುತ್ತದೆ. ತಲೆಗೊಂದು ಉಂಡೆ, ಆಟ ಮುಗಿದೊಡನೆ ಕಸದ ಬುಟ್ಟಿಗೆ, ಆಮೇಲೆ ಎಲ್ಲರೂ ಕೈ ತೊಳೆಯಬೇಕು. ಸಿಂಬಳ ಊದಿ ತೆಗೆಯುವುದನ್ನು ಮಕ್ಕಳು ಕಲಿಯುವುದು ಹೀಗೇ.

ಟಿಂಪನೊಮೆಟ್ರಿಗೆ (ಕಿವಿತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವ ಪರೀಕ್ಷೆಗೆ) ಕೆಲವು ಸೆಕೆಂಡು ಅಲುಗದೆ, ಮಾತಾಡದೆ, ನುಂಗದೆ ಇರಬೇಕು. ಹಾಡಿಸುವ ಆಟ ಇಲ್ಲಿ ಕೆಲಸ ಕೆಡಿಸುತ್ತದೆ, ದವಡೆ ಆಡಿದರೆ ಗೆರೆ ಅಂಕುಡೊಂಕಾಗುತ್ತದೆ. ‘ಶಿಲೆಯಾಗು’ ಆಟ ಆಡಿಸಿ, ಎದುರಿಗಿರುವವರು ಮುಖ ಚೇಷ್ಟೆ ಮಾಡಲಿ.

ಕೇಳುವ ಪರೀಕ್ಷೆಯಲ್ಲಂತೂ ಆಟವೇ ಪರೀಕ್ಷೆ. ಮೂರರಿಂದ ಐದು ವರ್ಷದ ಮಗುವಿಗೆ ಮರದ ಬಿಲ್ಲೆಯನ್ನು ಕೆನ್ನೆಯ ಹತ್ತಿರ ಹಿಡಿಯಲು ಹೇಳಿ. ಶಬ್ದ ಕೇಳಿದಾಗ ಬಕೆಟ್ಟಿಗೆ ಹಾಕಬೇಕು. ಮೊದಲ ಎರಡು ಮೂರು ಸಲ ಚೆನ್ನಾಗಿ ಕೇಳುವಷ್ಟು ಜೋರಾದ ಸ್ವರ ಕೊಟ್ಟು, ಮಗುವಿನ ಕೈ ಹಿಡಿದು ಜೊತೆಗೇ ಹಾಕಿಸಿ. ಆಮೇಲೆ ಕೈಬಿಡಿ. 1000, 2000, 4000, 500 ಹರ್ಟ್ಸ್, ಇಷ್ಟನ್ನು ಹತ್ತು ನಿಮಿಷದೊಳಗೆ ಮುಗಿಸಬೇಕು, ಅದಕ್ಕಿಂತ ಹೆಚ್ಚು ಹೊತ್ತು ಮಗುವಿನ ಗಮನ ನಿಲ್ಲುವುದಿಲ್ಲ. ಬೇಜಾರು ಬಂದ ಸುಳಿವು ಸಿಕ್ಕಾಗ ಬಿಲ್ಲೆ ಬಿಟ್ಟು ಬೇರೆ ಆಟಿಕೆ ಹಿಡಿಯಿರಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಸ್ವರಗಳನ್ನು ಸಮ ಅಂತರದಲ್ಲಿ ಕೊಡುವುದು. ಮಗು ತಾಳ ಹಿಡಿದು ಕೇಳದಿದ್ದರೂ ಹಾಕುತ್ತಾ ಹೋಗುತ್ತದೆ, ನೀವು ಕಿವಿ ಸರಿಯಿದೆ ಎಂದು ಬರೆಯುತ್ತೀರಿ. ಒಮ್ಮೆ ಎರಡು ಸೆಕೆಂಡು, ಒಮ್ಮೆ ಆರು ಸೆಕೆಂಡು ಬಿಟ್ಟು ಕೊಡಿ. ಹೊರಗಿನ ಆಟ ಈ ಕೋಣೆಯಿಂದ 30 ಮೀಟರ್ ಆಚೆಗಿರಲಿ, ಪರೀಕ್ಷೆಯ ಹೊತ್ತು ಎಸಿ ನಿಲ್ಲಿಸಿ.

ಈ ಮಕ್ಕಳಲ್ಲಿ ಕಿವಿ ಸೋರುವುದು, ಕಿವಿತಮಟೆಯ ಹಿಂದೆ ನೀರು ತುಂಬುವುದು ಬಹಳ. ಹೀಗಾಗಿ ನಿಮ್ಮ ಆಟದ ಸುತ್ತ ಕೂತ ಮಕ್ಕಳಲ್ಲೇ ಕೆಲವರಿಗೆ ನಿಮ್ಮ ಮಾತು ಕೇಳುತ್ತಿಲ್ಲ ಎಂದೇ ಇಟ್ಟುಕೊಳ್ಳಿ. ‘ಗಮನ ಕೊಡುತ್ತಿಲ್ಲ’, ‘ತುಂಟ’ ಎನಿಸಿದ ಮಗುವಿನ ಹೆಸರನ್ನೇ ಕಿವಿ ಪರೀಕ್ಷೆಯ ಪಟ್ಟಿಯಲ್ಲಿ ಮೊದಲು ಬರೆಯಿರಿ. ಒಂದು ಮೀಟರ್ ಹತ್ತಿರ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ, ಕೈಸನ್ನೆಯಿಂದ ಆಟ ಹೇಳಿಕೊಡಿ. ಸ್ಪೀಕರ್ ಜೋರು ಮಾಡಿದರೆ ಉಪಯೋಗವಿಲ್ಲ, ಇರುವ ಗದ್ದಲವೇ ಹೆಚ್ಚುತ್ತದೆ.

ಎಕೋಗೆ ಮಗು ಎಡಮಗ್ಗುಲಾಗಿ ಮಲಗಬೇಕು. ಟ್ಯಾಬನ್ನು ಕಣ್ಣಿನ ಮಟ್ಟಕ್ಕೆ, ಮುಖದಿಂದ ಮೊಳದಷ್ಟು ದೂರದಲ್ಲಿ ಸ್ಟ್ಯಾಂಡಿನ ಮೇಲಿಡಿ. ಮಗುವೇ ಕೈಯಲ್ಲಿ ಹಿಡಿದರೆ ತೋಳು ಅಡ್ಡ ಬರುತ್ತದೆ. ಜೆಲ್ ತಣ್ಣಗಿರುತ್ತದೆ, ಮೊದಲು ಅಂಗೈ ಮೇಲೆ ಸ್ವಲ್ಪ ಹಾಕಿ ತೋರಿಸಿ. ಹೆಣ್ಣುಮಕ್ಕಳಿಗೆ ಹೆಣ್ಣು ಕಾರ್ಯಕರ್ತೆಯೇ ಇರಬೇಕು, ಸಡಿಲ ಅಂಗಿಯ ಕೆಳಗಿನಿಂದ ನೋಡಬೇಕು, ಪರದೆ ಇರಬೇಕು. ಹತ್ತು ವರ್ಷ ದಾಟಿದ ಹುಡುಗಿಯನ್ನು ನಾಲ್ಕು ಜನರ ಮುಂದೆ ಮಲಗಿಸಿದರೆ ಯಾವ ಕಾರ್ಟೂನೂ ಅವಳ ಸಂಕೋಚ ಕಳೆಯದು. ತನ್ನ ಹೃದಯ ಬಡಿಯುವುದನ್ನು ಪರದೆಯಲ್ಲಿ ನೋಡುವುದು ಎಷ್ಟೋ ಮಕ್ಕಳಿಗೆ ಕಾರ್ಟೂನಿಗಿಂತ ಇಷ್ಟ. ಆದರೆ ಏನೋ ತೊಂದರೆ ಕಂಡರೆ ಅಲ್ಲೇ ಮುಖ ಬದಲಿಸಿ ಪಿಸುಗುಟ್ಟಬೇಡಿ, ಆಟದವರೂ ಡಾಕ್ಟರ ಪರವಾಗಿ ‘ಎಲ್ಲ ಚೆನ್ನಾಗಿದೆ’ ಎನ್ನಬಾರದು.

ಸೂಜಿಯ ಮೂರು ನಿಮಿಷ

28 ದಿನಕ್ಕೊಮ್ಮೆ ಕೊಡುವ ಈ ಬೆಂಜಥಿನ್ ಪೆನಿಸಿಲಿನ್ ಗಟ್ಟಿ ಮದ್ದು. 20 ಕೆಜಿ ಮತ್ತು ಮೇಲ್ಪಟ್ಟ ಮಗುವಿಗೆ 12 ಲಕ್ಷ ಯೂನಿಟ್, ಅಂದರೆ 2.3 ಎಂಎಲ್, ಸೊಂಟದ ಪಕ್ಕದ ಅಥವಾ ತೊಡೆಯ ಸ್ನಾಯುವಿಗೆ ಹೋಗಬೇಕು. ನೋವು ಕಡಿಮೆಯಾಗಲು ಅದನ್ನು ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡುತ್ತಾರೆ. ಆಟದ ತಂಡಗಳು ಎಡವುವುದು ಇಲ್ಲೇ. ಲಸಿಕೆಯ ಸೂಜಿಗೆ ಹತ್ತು ಸೆಕೆಂಡಿನ ಚಮತ್ಕಾರ ಸಾಕಾಗುತ್ತದೆ. ಅದನ್ನೇ ಇಲ್ಲಿ ಮಾಡಿದರೆ ಅರ್ಧಕ್ಕೇ ಮುಗಿದುಹೋಗುತ್ತದೆ, ಸೂಜಿ ಇನ್ನೂ ಒಳಗಿರುತ್ತದೆ.

ಬೇಕಾದದ್ದು ಕಣ್ಣು, ಕೈ ಎರಡಕ್ಕೂ ಕೆಲಸ ಕೊಡುವ, ಸೊಂಟ ಮಾತ್ರ ಅಲುಗದ, ಐದು ನಿಮಿಷ ಬಾಳುವ ಆಟ. ನೂಲಿನ ಆಟಕ್ಕೆ ಸಮನಾದದ್ದು ನಮಗೆ ಕಂಡಿಲ್ಲ. ಕುಣಿಕೆಯನ್ನು ಬೆರಳುಗಳಿಗೆ ಸಿಕ್ಕಿಸಿ ಆಕಾರ ಮಾಡುವುದು ನಾರ್ದರ್ನ್ ಟೆರಿಟರಿಯ ಆರ್ನೆಮ್ ಲ್ಯಾಂಡ್ ಪ್ರದೇಶದ ಅಜ್ಜಿಯರಿಗೆ ಕರತಲಾಮಲಕ. ಅಜ್ಜಿ ಎದುರು ಕೂತು ಒಂದೊಂದೇ ಹೆಜ್ಜೆ ತೋರಿಸಿದರೆ ಮಗು ಪಕ್ಕಕ್ಕೆ ಮಲಗಿಯೇ ಮಾಡಬಹುದು. ಎರಡೂ ಕೈ ನೂಲಿನಲ್ಲಿ ಸಿಕ್ಕಿರುವುದರಿಂದ ಸೂಜಿಯ ಕಡೆ ಕೈ ಹೋಗುವುದಿಲ್ಲ. ಚಿತ್ರದಲ್ಲಿ ವಸ್ತು ಹುಡುಕುವುದು, ಟ್ಯಾಬಿನಲ್ಲಿ ಬಣ್ಣ ತುಂಬುವುದು, ಫುಟಿ ಆಟಗಾರರ ಹೆಸರು ಹೇಳುವುದೂ ನಡೆಯುತ್ತದೆ. ಗುಳ್ಳೆ ಒಡೆಯುವ ಆಟ ಸೂಜಿಯ ಹೊತ್ತಿಗೆ ಅಪಾಯ, ಮಗು ನೆಗೆಯುತ್ತದೆ. ಗುಳ್ಳೆ ಊದುವುದು ಅದಕ್ಕೆ ಮುಂಚೆ, ಉಸಿರು ನಿಧಾನ ಮಾಡಲು.

ಕ್ರಮ ಹೀಗಿರಲಿ. ಮೊದಲು ಮಗುವನ್ನು ಕೇಳಿ: ಯಾವ ಕಡೆ, ಕೈ ಹಿಡಿಯುವವರು ಯಾರು, ಯಾವ ಆಟ, ಚುಚ್ಚುವಾಗ ಹೇಳಬೇಕೋ ಬೇಡವೋ. ‘ಚುಚ್ಚಲೇ?’ ಎಂದು ಮಾತ್ರ ಕೇಳಬೇಡಿ. ಬೇಡ ಎಂದರೆ ಒಪ್ಪಲು ನೀವು ಸಿದ್ಧರಿಲ್ಲದಿದ್ದರೆ ಅದು ಸುಳ್ಳು ಪ್ರಶ್ನೆ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಅರ್ಧ ನಿಮಿಷ ಬಿಟ್ಟು, ಬರಿಯ ಹುಬ್ಬಿನ ಸನ್ನೆಯಲ್ಲೂ ಬರಬಹುದು. ಕಣ್ಣಲ್ಲಿ ಕಣ್ಣಿಡು ಎಂದು ಒತ್ತಾಯ ಬೇಡ.

ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ಕೊಠಡಿಯ ಬಿಸಿಗೆ ಬರುವವರೆಗೆ ಅಂಗೈಯಲ್ಲಿ ಉರುಳಿಸಿ. ಅದೇ ಹೊತ್ತಿಗೆ ಆಟ ಶುರುವಾಗಲಿ. ಸೂಜಿ ಹೋದ ಮೇಲೆ ಹೊಸ ಆಟ ಹಿಡಿಯುವುದಿಲ್ಲ. ಚುಚ್ಚುವ ಜಾಗಕ್ಕೆ ಸ್ವಲ್ಪ ಹೊತ್ತು ಐಸ್ ಪ್ಯಾಕ್ ಇಡಿ. ಸ್ಪಿರಿಟ್ ಪೂರ್ತಿ ಆರಲಿ, ಒದ್ದೆಯಿದ್ದರೆ ಉರಿಯುತ್ತದೆ. ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಚುಚ್ಚಿ. ನಿಧಾನವಾಗಿ, ಆದರೆ ನಿಲ್ಲಿಸದೆ ಒತ್ತುತ್ತಾ ಹೋಗಿ. ನಿಲ್ಲಿಸಿದರೆ ಮದ್ದು ಸೂಜಿಯಲ್ಲೇ ಕಟ್ಟಿಕೊಂಡು ಮತ್ತೆ ಚುಚ್ಚಬೇಕಾದೀತು. ಆದ್ದರಿಂದ ಮಗುವಿಗೆ ‘ನಿಲ್ಲಿಸು’ ಸನ್ನೆ ಕೊಟ್ಟಿದ್ದರೆ ಅದು ಸೂಜಿ ಒಳಗೆ ಹೋಗುವವರೆಗೆ ಮಾತ್ರ, ಆಮೇಲೆ ಅದೇ ಸನ್ನೆಗೆ ‘ಇನ್ನೂ ನಿಧಾನ’ ಎಂದು ಅರ್ಥ ಎಂದು ಮೊದಲೇ ಹೇಳಿಬಿಡಿ. ಕೊಟ್ಟ ಮಾತು ಅರ್ಧದಲ್ಲಿ ಮುರಿದರೆ ಮುಂದಿನ ತಿಂಗಳು ಆ ಮಗು ಬರುವುದಿಲ್ಲ.

‘ನೋವಾಗಲ್ಲ’ ಎಂದು ಯಾರೂ ಹೇಳಬಾರದು, ಅಜ್ಜಿಯೂ ಕೂಡ. ‘ಸ್ವಲ್ಪ ಹೊತ್ತು ಭಾರ ಅನ್ಸತ್ತೆ, ಅಷ್ಟರಲ್ಲಿ ಈ ಆಕಾರ ಮುಗಿಸೋಣ’ ಎಂದರೆ ಸಾಕು. ಮಲಗಿಸಿ ಅದುಮಿ ಹಿಡಿಯುವುದಕ್ಕಿಂತ, ತೊಡೆಗೆ ಕೊಡುವುದಾದರೆ ಅಮ್ಮನ ಮಡಿಲಲ್ಲಿ ಕೂರಿಸಿ ಅಪ್ಪಿಕೊಳ್ಳುವುದು ಮೇಲು. ಮದ್ದಿನ ಅಲರ್ಜಿ ನೋಡಲು ಹೇಗೂ ಕಾಯಿಸುತ್ತೀರಿ. ಆ ಹೊತ್ತು ಆಟ ಮುಂದುವರಿಯಲಿ, ಪ್ಲಾಸ್ಟರ್ ಹಚ್ಚಿದೊಡನೆ ನೂಲು ಕಸಿದುಕೊಳ್ಳಬೇಡಿ. ಅದು ಮಗುವಿನದೇ.

ಕೆಡುವುದು ಎಲ್ಲಿ

ಒಂದು ಮಗುವನ್ನು ಎಬ್ಬಿಸಿ ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದು. ಮಕ್ಕಳು ‘ಶೇಮ್’ ಎಂದು ತಲೆ ತಗ್ಗಿಸುತ್ತಾರೆ. ಹೊಗಳಿಕೆಯೂ ಗುಂಪಿನಿಂದ ಬೇರೆ ಮಾಡಿದರೆ ಅವಮಾನವೇ. ಗುಂಪಾಗಿ ಆಡುವ ಆಟವೇ ಇರಲಿ. ಟೊರೆಸ್ ಸ್ಟ್ರೇಟಿನ ‘ಕೈ’ (Kai) ಎಂಬ ಹೆಸರಿನ ಚೆಂಡಾಟದಲ್ಲಿ ವೃತ್ತದಲ್ಲಿ ನಿಂತು ಅಂಗೈಯಿಂದ ಹೊಡೆದು ಚೆಂಡು ನೆಲಕ್ಕೆ ಬೀಳದಂತೆ ನೋಡಿಕೊಳ್ಳುತ್ತಾರೆ, ಸೋತವರೆಂಬುದಿಲ್ಲ. ಇಂಜೆಕ್ಷನ್ ತಪ್ಪದೆ ತೆಗೆದುಕೊಂಡವರ ನಕ್ಷತ್ರದ ಪಟ್ಟಿಯನ್ನು ಗೋಡೆಗೆ ಹಚ್ಚುವುದೂ ಇದೇ ತಪ್ಪು: ತಪ್ಪಿಸಿಕೊಂಡವನ ಹೆಸರು ಊರಿಗೆಲ್ಲ ಕಾಣುತ್ತದೆ. ಪಟ್ಟಿ ಬೇಕಿದ್ದರೆ ಮಗುವಿನ ಕೈಗೆ ಒಂದು ಪುಟ್ಟ ಕಾರ್ಡ್ ಕೊಡಿ.

ನೀವೇ ಜೋಡಿ ಮಾಡುವುದು ಇನ್ನೊಂದು. ಕೆಲವು ಕಡೆ, ಆರ್ನೆಮ್ ಲ್ಯಾಂಡಿನಲ್ಲಿ ವಿಶೇಷವಾಗಿ, ಬೆಳೆದ ಅಣ್ಣತಂಗಿಯರು ಪರಸ್ಪರ ಮಾತಾಡುವುದಿಲ್ಲ, ಹತ್ತಿರ ಕೂರುವುದಿಲ್ಲ. ಬೇರೆ ಕೆಲವು ನೆಂಟಸ್ತಿಕೆಗಳಿಗೂ ಹೀಗೇ ನಿಯಮವಿದೆ. ಮಕ್ಕಳೇ ಜೋಡಿ ಆರಿಸಿಕೊಳ್ಳಲಿ. ಒಬ್ಬಳು ಇದ್ದಕ್ಕಿದ್ದಂತೆ ಎದ್ದು ಹೋದರೆ ಕಾರಣ ಕೇಳಬೇಡಿ, ಕರೆತರಲೂ ಬೇಡ.

ಬಿಳಿ ಬಣ್ಣ ಬಳಿದ ವಿದೂಷಕನ ಮುಖ, ಮುಖವಾಡ, ಹಲ್ಲು ಬಿಟ್ಟ ಕೈಗೊಂಬೆ ಇವು ಪುಟ್ಟ ಮಕ್ಕಳನ್ನು ಹೆದರಿಸುತ್ತವೆ. ಹದಿಹರೆಯದವರಿಗೆ ಗುಳ್ಳೆ ಊದು ಎಂದರೆ ಅವರು ಆ ದಿನವೇ ಕೈತಪ್ಪಿದರು. ಅವರಿಗೆ ಹಾಡು ರೆಕಾರ್ಡ್ ಮಾಡುವ, ವಿಡಿಯೊ ಎಡಿಟ್ ಮಾಡುವ ಕೆಲಸ ಕೊಡಿ, ಇಲ್ಲವೇ ಫುಟಿ ಆಡಿ. ಫೋಟೊ ತೆಗೆಯುವ ಮೊದಲು ಮನೆಯವರ ಒಪ್ಪಿಗೆ ಬರಹದಲ್ಲಿರಲಿ.

ಡಾರ್ವಿನ್, ಅಲಿಸ್ ಸ್ಪ್ರಿಂಗ್ಸ್‌ನ ಆಸ್ಪತ್ರೆಗೆ ವಿಮಾನದಲ್ಲಿ ಬಂದ ಮಗುವಿಗೆ ಆಟಿಕೆಗಿಂತ ಮೊದಲು ಬೇಕಾಗುವುದು ತನ್ನ ಭಾಷೆ. ದಿನಕ್ಕೆರಡು ಬಾರಿ, ನಿಗದಿತ ಹೊತ್ತಿಗೆ ಮನೆಗೆ ವಿಡಿಯೊ ಕರೆ ಮಾಡಿಸಿ. ಅತ್ತ ಕಡೆಯ ಅಕ್ಕತಮ್ಮಂದಿರು ಅದೇ ಚಿತ್ರಪುಟ ಹಿಡಿದು ಜೊತೆಗೆ ಆಡುವಂತಾಗಲಿ. ಎರಡು ಪ್ರತಿ ಮಾಡಿ ಒಂದನ್ನು ಕ್ಲಿನಿಕ್ಕಿನ ಮೂಲಕ ಊರಿಗೆ ಕಳಿಸಿಡಿ. ಜೊತೆಗೆ ಬಂದ ಮನೆಯವರಿಗೂ ಆಟದ ಕೋಣೆಯಲ್ಲಿ ಜಾಗ ಇರಬೇಕು.

ಬರೆದಿಡಬೇಕಾದದ್ದು

ದೂರದ ಊರುಗಳಲ್ಲಿ ನರ್ಸ್‌ಗಳು ಬದಲಾಗುತ್ತಲೇ ಇರುತ್ತಾರೆ. ಈ ಮಗು ಎಡಗಡೆ ಇಷ್ಟಪಡುತ್ತದೆ, ಚಿಕ್ಕಮ್ಮ ಬೇಕು, ಎಣಿಸಬಾರದು, ನೂಲಾಟ ನಡೆಯಿತು, ಗುಳ್ಳೆ ನಡೆಯಲಿಲ್ಲ: ಈ ನಾಲ್ಕೈದು ಮಾತನ್ನು ಮಗುವಿನ ದಾಖಲೆಯಲ್ಲೇ, ಡೋಸಿನ ಪಕ್ಕದಲ್ಲೇ ಬರೆಯಿರಿ. ಬೇರೆ ನೋಟ್‌ಪುಸ್ತಕದಲ್ಲಿ ಬರೆದರೆ ಅದು ನಿಮ್ಮ ಜೊತೆಗೇ ವಿಮಾನ ಹತ್ತುತ್ತದೆ. ಎಷ್ಟು ಮಕ್ಕಳು ನಕ್ಕರು ಎಂಬ ಲೆಕ್ಕ ಬೇಡ. ಮುಂದಿನ ಇಂಜೆಕ್ಷನ್ ಎಷ್ಟನೇ ದಿನ ಆಯಿತು, ಹುಡುಕಿಕೊಂಡು ಹೋಗಬೇಕಾಯಿತೋ ತಾನೇ ಬಂದಿತೋ, ಎಷ್ಟು ಜನ ಹಿಡಿಯಬೇಕಾಯಿತು ಎಂದು ಆರು ತಿಂಗಳು ಬರೆಯುತ್ತಾ ಹೋಗಿ. 29ನೇ ದಿನದಿಂದ ಮುಂದಿನ ಪ್ರತಿ ದಿನವನ್ನೂ ರಕ್ಷಣೆಯಿಲ್ಲದ ದಿನವೆಂದು ಎಣಿಸಿ. ಆ ಎಣಿಕೆ ಇಳಿಯದಿದ್ದರೆ ಊರಿನ ಕಾರ್ಯಕರ್ತರ ಜೊತೆ ಕೂತು ಆಟವನ್ನೇ ಬದಲಿಸಿ.